ಹಬ್ಬದ ಸದ್ದು, ನಾಯಿಯ ದಿಗಿಲು

ದೀಪಾವಳಿಯ ಸಂಜೆಗಳಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳು ಬೆಳಕಿನಿಂದ ತುಂಬುತ್ತವೆ. ಅದಕ್ಕಿಂತ ಹೆಚ್ಚಾಗಿ ಸದ್ದಿನಿಂದ ತುಂಬುತ್ತವೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಹಿಡಿದು ಮೈಸೂರು ರಸ್ತೆಯುದ್ದಕ್ಕೂ ಕೆಂಗೇರಿಯವರೆಗೆ, ಕತ್ತಲಾಗುವ ಮೊದಲೇ ಆರಂಭವಾಗುವ ಪಟಾಕಿಯ ಸದ್ದು ಮಲಗುವ ಹೊತ್ತು ಮೀರಿದರೂ ನಿಲ್ಲುವುದಿಲ್ಲ. ಮನುಷ್ಯರಲ್ಲಿ ಕೆಲವರಿಗೆ ಅದು ಸಂಭ್ರಮ, ಉಳಿದವರಿಗೆ ಕಿಟಕಿ ಮುಚ್ಚಿಕೊಂಡು ಸಹಿಸಬಹುದಾದ ಕಿರಿಕಿರಿ. ಅದೇ ಬೀದಿಯಲ್ಲಿ ಬದುಕುವ ನಾಯಿಗೆ ಅದು ಇವೆರಡೂ ಅಲ್ಲ. ಸದ್ದು ಎಲ್ಲಿಂದ ಬಂತು, ಏಕೆ ಬಂತು, ಎಂದು ನಿಲ್ಲುತ್ತದೆ ಎಂಬುದೊಂದೂ ತಿಳಿಯದ ಆ ಪ್ರಾಣಿ ಮಂಚದಡಿಯಲ್ಲಿ ನಡುಗುತ್ತದೆ, ನಿಲ್ಲಿಸಿದ ಕಾರಿನ ಕೆಳಗೆ ಮುದುಡುತ್ತದೆ, ಇಲ್ಲವೇ ತೆರೆದ ಗೇಟಿನಿಂದ ಹಾರಿ ದಿಕ್ಕು ತಪ್ಪಿ ಓಡುತ್ತದೆ. ಹಬ್ಬ ಕಳೆದ ಮೇಲೆ ಕಂಬಗಳಿಗೆ ಅಂಟಿಸಿದ ‘ನಾಯಿ ಕಾಣೆಯಾಗಿದೆ’ ಎಂಬ ಚೀಟಿಗಳು ಆ ಓಟದ ಕೊನೆಯ ಕುರುಹುಗಳು.

ಬೆಟ್ಟದ ಊರುಗಳಿಗಾಗಿ ಹೊರಡುವ ಪತ್ರಿಕೆಯೊಂದು ನಗರದ ನಾಯಿಗಳ ಮಾತೆತ್ತುವುದಕ್ಕೆ ಕಾರಣವಿದೆ. ಮಲೆನಾಡಿನ ಮನೆಗಳಿಂದ ಓದಲು, ದುಡಿಯಲು ಹೋದ ಮಕ್ಕಳು ಇಂದು ವಿಜಯನಗರದ ಬಾಡಿಗೆ ಕೋಣೆಗಳಲ್ಲಿ, ಕೆಂಗೇರಿಯ ಹಾಸ್ಟೆಲುಗಳಲ್ಲಿ ಇದ್ದಾರೆ. ಅವರ ಬೀದಿಯ ನಾಯಿ ಅವರ ನೆರೆಯ ಜೀವವೂ ಹೌದು. ಅದಲ್ಲದೆ, ನಗರದ ರೂಢಿಗಳು ಬಸ್ಸು ಹತ್ತಿ ಊರಿಗೆ ಬರುವುದಕ್ಕೆ ಹೆಚ್ಚು ವರ್ಷಗಳು ಬೇಕಾಗುವುದಿಲ್ಲ. ಎಣ್ಣೆದೀಪಕ್ಕೆ ಹೆಸರಾಗಿದ್ದ ಹಳ್ಳಿಗಳಲ್ಲಿಯೂ ಸರಪಟಾಕಿಯ ಸದ್ದು ಕೇಳತೊಡಗಿದೆ. ಆದುದರಿಂದ ನಗರದ ಅನುಭವದಿಂದ ಕಲಿಯಬೇಕಾದುದನ್ನು ಬೆಟ್ಟದವರು ಈಗಲೇ ಕಲಿಯುವುದು ಒಳಿತು.

ಕಲಿಯಬೇಕಾದುದು ಮುಖ್ಯವಾಗಿ ಎರಡು. ನಾಯಿಯ ದಿಗಿಲನ್ನು ಹಬ್ಬದ ರಾತ್ರಿಯೇ ಓಡಿಸುತ್ತೇವೆಂದರೆ ಆಗದು. ಅದಕ್ಕೆ ವಾರಗಳ ಮೊದಲೇ ಸಿದ್ಧತೆ ಬೇಕು. ಒಂದು ಮನೆಯವರು ಬಾಗಿಲು ಮುಚ್ಚಿದರಷ್ಟೇ ಸಾಲದು. ಬೀದಿಯವರೆಲ್ಲ ಕೂಡಿ ಒಂದು ಮಾತಿಗೆ ಬರಬೇಕು.

ಕಿವಿಯ ಮಾತು

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದನ್ನು ಗ್ರಹಿಸುತ್ತದೆ. ನಾಯಿಯ ಕಿವಿ ಸುಮಾರು 45,000 ಕಂಪನಗಳವರೆಗೂ ಕೇಳಬಲ್ಲದು. ಮನುಷ್ಯನಿಗೆ ಕೇಳಿಸದ ಎಷ್ಟೋ ಸಣ್ಣ ಸದ್ದುಗಳು ಅದಕ್ಕೆ ಕೇಳಿಸುತ್ತವೆ. ಕಾಡಿನಂಚಿನ ಮನೆಗೆ ಅದು ಕಾವಲುಗಾರನಾದದ್ದು ಈ ಕಿವಿಯ ಬಲದಿಂದಲೇ. ತರಗೆಲೆಯ ಮೇಲೆ ಚಿರತೆ ಹೆಜ್ಜೆಯಿಡುವ ಸದ್ದನ್ನು ಗುರುತಿಸಬಲ್ಲ ಆ ಕಿವಿಯ ಬಳಿ ಆಟಂ ಬಾಂಬ್ ಸಿಡಿದರೆ ಏನಾದೀತೆಂಬುದನ್ನು ಊಹಿಸಲು ಹೆಚ್ಚಿನ ಪಾಂಡಿತ್ಯ ಬೇಕಿಲ್ಲ.

ಇದು ಹೇಡಿ ನಾಯಿಯ ದೌರ್ಬಲ್ಯವೆಂದು ತಳ್ಳಿಹಾಕುವವರಿದ್ದಾರೆ. ಫಿನ್ಲೆಂಡಿನಲ್ಲಿ ಸುಮಾರು 13,700 ಸಾಕುನಾಯಿಗಳ ಸ್ವಭಾವವನ್ನು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ನಾಯಿಗಳ ಭಯಗಳ ಪೈಕಿ ಎಲ್ಲಕ್ಕಿಂತ ಸಾಮಾನ್ಯವಾದುದು ಸದ್ದಿನ ಭಯವೆಂದು ಕಂಡುಬಂದಿತು. ನೂರಕ್ಕೆ 32 ನಾಯಿಗಳಲ್ಲಿ ಅದು ಇತ್ತು. ಸಿಡಿಮದ್ದಿನ ಸದ್ದಿಗೇ ಹೆದರುವವು ನೂರಕ್ಕೆ 26. ಎಂದರೆ ನಾಲ್ಕು ನಾಯಿಗಳಲ್ಲಿ ಒಂದಕ್ಕೆ ಹಬ್ಬದ ರಾತ್ರಿ ನರಕ. ಆ ಭಯ ವರ್ಷದಿಂದ ವರ್ಷಕ್ಕೆ ತಾನಾಗಿಯೇ ತಗ್ಗುತ್ತದೆಂಬ ನಂಬಿಕೆಯನ್ನು ನೆಚ್ಚುವಂತಿಲ್ಲ. ಗುಡುಗಿಗೆ ಅಂಜದಿದ್ದ ನಾಯಿ ಪಟಾಕಿಗೆ ಅಂಜಲು ಕಲಿತ ಮೇಲೆ ಗುಡುಗಿಗೂ ಅಂಜುವುದುಂಟು.

ದಿಗಿಲಿನ ಕುರುಹುಗಳು ಬೊಗಳುವುದು, ಊಳಿಡುವುದು ಮಾತ್ರವಲ್ಲ. ಸೆಕೆಯಿಲ್ಲದಿದ್ದರೂ ಏದುಸಿರು ಬಿಡುವುದು, ಜೊಲ್ಲು ಸುರಿಸುವುದು, ಮೇಲಿಂದ ಮೇಲೆ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಬಾಲವನ್ನು ಹೊಟ್ಟೆಯಡಿಗೆ ಎಳೆದುಕೊಳ್ಳುವುದು, ತಿನ್ನದೆ ಕುಡಿಯದೆ ಮೂಲೆ ಸೇರುವುದು, ಎಂದೂ ಮಾಡದ ಜಾಗದಲ್ಲಿ ಮೂತ್ರ ಮಾಡುವುದು, ಇವೆಲ್ಲವೂ ಭಯದ ಮಾತುಗಳೇ. ಸುಮ್ಮನೆ ಮಲಗಿದೆ ಎಂದು ಕಾಣುವ ನಾಯಿ ಎಷ್ಟೋ ಸಲ ಅಲುಗಾಡಲಾರದಷ್ಟು ಹೆದರಿರುತ್ತದೆ.

ಬೀದಿಯೆಂಬ ಕೊಳವೆ

ತೆರೆದ ಬಯಲಿನಲ್ಲಿ ಸದ್ದು ಬೇಗ ಚದರುತ್ತದೆ. ದೂರ ಇಮ್ಮಡಿಯಾದಂತೆಲ್ಲ ಅದು ಸುಮಾರು 6 ಡೆಸಿಬಲ್ ತಗ್ಗುತ್ತದೆ. ಪಟಾಕಿಯ ಸದ್ದು ಸಿಡಿದ ಸ್ಥಳದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದೆಂದು 1999ರಲ್ಲಿ ಕೇಂದ್ರ ಸರ್ಕಾರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಮಿತಿ ಹೇರಿತು. ಮಿತಿಯೊಳಗಿನ ಅಂತಹ ಒಂದು ಪಟಾಕಿ ಬಯಲಿನಲ್ಲಿ ಸಿಡಿದರೂ 32 ಮೀಟರ್ ದೂರದಲ್ಲಿ ಸುಮಾರು 107 ಡೆಸಿಬಲ್ ಸದ್ದು ಉಳಿದಿರುತ್ತದೆ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಇರಬೇಕೆಂಬುದು 2000ದ ಶಬ್ದಮಾಲಿನ್ಯ ನಿಯಮಗಳ ಮಾತು. ಡೆಸಿಬಲ್ಲಿನ ಲೆಕ್ಕದಲ್ಲಿ ಪ್ರತಿ ಹತ್ತರ ಏರಿಕೆ ಎಂದರೆ ಸದ್ದಿನ ಶಕ್ತಿ ಹತ್ತು ಪಟ್ಟು ಹೆಚ್ಚಿದಂತೆ ಎಂಬುದನ್ನು ನೆನೆದರೆ, ಈ ಅಂಕಿಗಳ ನಡುವಿನ ಕಂದರ ಎಷ್ಟು ಆಳವೆಂಬುದು ತಿಳಿಯುತ್ತದೆ.

ವಿಜಯನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳು ಬಯಲಲ್ಲ. ಇಪ್ಪತ್ತು ಮೂವತ್ತು, ಮೂವತ್ತು ನಲವತ್ತು ಅಡಿಗಳ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗುವಂತೆ ಮೂರು ನಾಲ್ಕು ಅಂತಸ್ತು ಎದ್ದ ಮನೆಗಳು ಎರಡೂ ಕಡೆ ನಿಂತು ಬೀದಿಯನ್ನೊಂದು ಕೊಳವೆಯನ್ನಾಗಿ ಮಾಡಿವೆ. ಅಲ್ಲಿ ಸಿಡಿದ ಸದ್ದು ಚದರಲು ಜಾಗವಿಲ್ಲದೆ ಗೋಡೆಯಿಂದ ಗೋಡೆಗೆ ಬಡಿದು ಮರಳುತ್ತದೆ. ಅಂಗಳವಿಲ್ಲ, ಹಿತ್ತಿಲಿಲ್ಲ, ಓಡಿ ಅಡಗಲು ಮಲೆನಾಡಿನ ನಾಯಿಗಿರುವ ಕೊಟ್ಟಿಗೆಯಾಗಲಿ, ಹುಲ್ಲಿನ ಬಣವೆಯಾಗಲಿ ಇಲ್ಲ. ಹೆದರಿ ಬೀದಿ ಬಿಟ್ಟ ನಾಯಿ ನೇರವಾಗಿ ಮಾಗಡಿ ರಸ್ತೆಗೋ ಕಾರ್ಡ್ ರಸ್ತೆಗೋ ಮೈಸೂರು ರಸ್ತೆಗೋ ಇಳಿಯುತ್ತದೆ. ಸದ್ದಿನಿಂದ ಪಾರಾದುದು ಚಕ್ರದಡಿ ಸಿಲುಕುತ್ತದೆ.

ಬೀದಿನಾಯಿಯ ಪಾಡು ಇನ್ನೂ ಒಂದು ತೂಕ ಹೆಚ್ಚು. ಬೆಂಗಳೂರಿನ ಅಂದಿನ ಮಹಾನಗರ ಪಾಲಿಕೆ 2023ರಲ್ಲಿ ನಡೆಸಿದ ಗಣತಿಯಂತೆ ನಗರದ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ. ನಾಯಿಯೊಂದಕ್ಕೆ ತನ್ನ ಬೀದಿಯೆಂಬುದು ಒಂದು ಸರಹದ್ದು. ಸದ್ದಿಗೆ ಬೆದರಿ ಆ ಸರಹದ್ದು ದಾಟಿದರೆ ಪಕ್ಕದ ಬೀದಿಯ ನಾಯಿಗಳು ಅದನ್ನು ಕಚ್ಚಿ ಓಡಿಸುತ್ತವೆ. ಮರಳಿ ಬಂದರೆ ಮತ್ತೆ ಪಟಾಕಿ. ಸಂತಾನಹರಣ ಚಿಕಿತ್ಸೆಯಾಗಿ, ಲಸಿಕೆ ಹಾಕಿಸಿಕೊಂಡು, ಬೀದಿಯ ಜನರಿಗೆ ಪರಿಚಿತವಾಗಿದ್ದ ನಾಯಿ ಹೀಗೆ ಅಪರಿಚಿತ ಬೀದಿಯಲ್ಲಿ ಗಾಯಗೊಂಡ, ಹೆದರಿದ ನಾಯಿಯಾಗುತ್ತದೆ. ಹೆದರಿದ ನಾಯಿ ಕಚ್ಚುತ್ತದೆ. ನಾಯಿಯ ನೆಮ್ಮದಿಯ ಪ್ರಶ್ನೆ ಕೊನೆಗೆ ಆ ಬೀದಿಯ ಮಕ್ಕಳ ಸುರಕ್ಷತೆಯ ಪ್ರಶ್ನೆಯೂ ಹೌದು.

ಹಸಿರು ಪಟಾಕಿಯ ಭ್ರಮೆ

ಕಾನೂನು ಸುಮ್ಮನೆ ಕುಳಿತಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದಿನ ಪಟಾಕಿ ಸಿಡಿಸಬಾರದೆಂದು ಸುಪ್ರೀಂ ಕೋರ್ಟು 2005ರ ಜುಲೈನಲ್ಲಿಯೇ ತೀರ್ಪಿತ್ತಿತು. 2018ರ ಅಕ್ಟೋಬರಿನ ತೀರ್ಪಿನಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಎರಡು ಗಂಟೆಗಳ ಅವಧಿಯನ್ನು ಗೊತ್ತುಪಡಿಸಿ, ಸರಪಟಾಕಿಯನ್ನು ನಿಷೇಧಿಸಿತು. ಬೇರಿಯಂ ಲವಣಗಳ ಬಳಕೆಗೆ ತಡೆಯೊಡ್ಡಿತು. 2020ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಮೊದಲು ಪಟಾಕಿ ನಿಷೇಧವನ್ನು ಸಾರಿ, ಬಳಿಕ ಹಸಿರು ಪಟಾಕಿಗೆ ಅವಕಾಶವಿತ್ತಿತು. 2023ರ ಅಕ್ಟೋಬರಿನಲ್ಲಿ ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹತ್ತಿದ ಬೆಂಕಿ ಹದಿನಾಲ್ಕಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಮೇಲೆ ಹಸಿರು ಪಟಾಕಿಯೊಂದೇ ಇರಬೇಕೆಂಬ ಮಾತು ಮತ್ತೆ ಗಟ್ಟಿಯಾಯಿತು.

ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ. ಹಸಿರು ಪಟಾಕಿಯೆಂದರೆ ಹೊಗೆ ಕಡಿಮೆಯಿರುವ ಪಟಾಕಿ, ಸದ್ದಿಲ್ಲದ ಪಟಾಕಿಯಲ್ಲ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ಈ ಪಟಾಕಿಗಳ ಗುರಿ ಹೊಗೆಯ ಕಣಗಳನ್ನು ನೂರಕ್ಕೆ ಮೂವತ್ತರಷ್ಟು ತಗ್ಗಿಸುವುದು. ಅವುಗಳ ಸದ್ದು ನೂರು ಡೆಸಿಬಲ್ಲಿನ ಮೇಲೆಯೇ ಇರುತ್ತದೆ. ಪೆಟ್ಟಿಗೆಯ ಮೇಲಿನ ಹಸಿರು ಗುರುತು ಕೊಂಡವನ ಮನಸ್ಸಿಗೆ ಸಮಾಧಾನ ಕೊಟ್ಟೀತು; ನಾಯಿಯ ಕಿವಿಗೆ ಅದರಿಂದ ಯಾವ ವ್ಯತ್ಯಾಸವೂ ಆಗದು. ನಾಯಿಯ ಹಿತ ಬಯಸುವವರು ಬಣ್ಣವನ್ನು ನೋಡದೆ ಸದ್ದನ್ನು ನೋಡಬೇಕು. ಹೂಕುಂಡ, ಭೂಚಕ್ರ, ಸುರುಸುರುಬತ್ತಿಗಳಲ್ಲಿಯೂ ಹೊಗೆಯುಂಟು, ಬೆಂಕಿಯುಂಟು. ಆದರೆ ಸಿಡಿತದ ಭೀತಿ ಅಷ್ಟಿಲ್ಲ. ಎಲ್ಲಕ್ಕಿಂತ ಉತ್ತಮವಾದುದು ಹಣತೆ.

ಮನೆಯೊಳಗಿನ ಸಿದ್ಧತೆ

ಮೊದಲ ಕೆಲಸ ಹಬ್ಬಕ್ಕೆ ಒಂದೆರಡು ತಿಂಗಳ ಮುಂಚಿನದು. ಧ್ವನಿಮುದ್ರಿತ ಪಟಾಕಿಯ ಸದ್ದನ್ನು ನಾಯಿ ಕಿವಿ ನಿಮಿರಿಸದಷ್ಟು ಮೆಲ್ಲಗೆ ಕೇಳಿಸಿ, ಅದೇ ಹೊತ್ತಿಗೆ ಇಷ್ಟದ ತಿನಿಸು ಕೊಡಬೇಕು. ದಿನಕ್ಕೆ ಕೆಲವೇ ನಿಮಿಷ. ನಾಯಿ ನಿರಾತಂಕವಾಗಿದ್ದರೆ ಮಾತ್ರ ಸದ್ದನ್ನು ಒಂದಿಷ್ಟು ಏರಿಸುವುದು, ಅಂಜಿದರೆ ಹಿಂದಕ್ಕೆ ಹೋಗುವುದು. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರೊಬ್ಬರು ಸಾವಿರಕ್ಕೂ ಮಿಕ್ಕ ನಾಯಿ ಸಾಕಣೆದಾರರಿಂದ ಮಾಹಿತಿ ಪಡೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸದ್ದು ಕೇಳಿದೊಡನೆ ತಿನಿಸು ಕೊಡುವ ಅಥವಾ ಆಟವಾಡಿಸುವ ಕ್ರಮವು ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಫಲ ಕೊಟ್ಟಿತ್ತು. ಮರಿಗಳಿಗೆ ಇದನ್ನು ಮೂರು ತಿಂಗಳೊಳಗೆ ರೂಢಿ ಮಾಡಿಸಿದರೆ ಆ ಕಲಿಕೆ ಬಹುಕಾಲ ನಿಲ್ಲುತ್ತದೆ.

ತೀವ್ರವಾಗಿ ಹೆದರುವ ನಾಯಿಯನ್ನು ಹಬ್ಬಕ್ಕೆ ಎರಡು ಮೂರು ವಾರಗಳಿರುವಾಗಲೇ ಪಶುವೈದ್ಯರಿಗೆ ತೋರಿಸಬೇಕು. ಆತಂಕವನ್ನು ತಗ್ಗಿಸುವ ಔಷಧಗಳು ಇಂದು ಲಭ್ಯವಿವೆ. ಅವು ಯಾವ ನಾಯಿಗೆ ಹೊಂದುತ್ತವೆ, ಎಷ್ಟು ಪ್ರಮಾಣ ಎಂಬುದನ್ನು ನಿರ್ಧರಿಸುವವರು ವೈದ್ಯರೇ. ಹಿಂದಿನಿಂದ ಬಳಕೆಯಲ್ಲಿರುವ ಎಸಿಪ್ರೊಮಜಿನ್ ಎಂಬ ಮಂಪರಿನ ಔಷಧವೊಂದನ್ನೇ ಕೊಟ್ಟರೆ ದೇಹ ಸುಮ್ಮನಾಗುತ್ತದೆ, ಭಯ ಹಾಗೆಯೇ ಉಳಿಯುತ್ತದೆ. ಮನುಷ್ಯರ ನಿದ್ರೆಮಾತ್ರೆಯನ್ನು, ನೋವಿನ ಮಾತ್ರೆಯನ್ನು ಊಹೆಯ ಮೇಲೆ ಕೊಡುವುದು ಅಪಾಯ. ಪ್ಯಾರಾಸಿಟಮಾಲ್ ಕೂಡ ನಾಯಿಗೆ ವಿಷವಾಗಬಲ್ಲದು.

ಹಬ್ಬದ ದಿನ ನಾಯಿಯನ್ನು ಬೆಳಕಿರುವಾಗಲೇ ತಿರುಗಾಡಿಸಿ, ಕತ್ತಲಾಗುವ ಮುಂಚೆ ಊಟ ಹಾಕಿ ಒಳಗೆ ಸೇರಿಸಬೇಕು. ಕೊರಳ ಪಟ್ಟಿಯಲ್ಲಿ ಮನೆಯವರ ಫೋನ್ ಸಂಖ್ಯೆ ಇರಬೇಕು. ಬೆದರಿದ ನಾಯಿ ಕೊರಳ ಪಟ್ಟಿಯಿಂದ ತಲೆ ನುಸುಳಿಸಿಕೊಂಡು ಓಡುವುದು ಸಾಮಾನ್ಯವಾದುದರಿಂದ ಹೊರಗೆ ಕರೆದೊಯ್ಯುವಾಗ ಎದೆಗೆ ತೊಡಿಸುವ ಪಟ್ಟಿ ಮೇಲು. ಒಳಗೆ ಬೀದಿಯಿಂದ ದೂರದ ಒಂದು ಮೂಲೆಯನ್ನು ಹುಡುಕಬೇಕು. ಸಣ್ಣ ಮನೆಯಲ್ಲಿ ಅದು ಮೆಟ್ಟಿಲ ಕೆಳಗಿನ ಜಾಗವಾಗಬಹುದು, ಬಚ್ಚಲುಮನೆಯಾಗಬಹುದು, ಬೀರುವಿನ ಸಂದಿಯಾಗಬಹುದು. ಕಿಟಕಿ ಮುಚ್ಚಿ, ದಪ್ಪ ಪರದೆ ಇಳಿಸಿ, ಫ್ಯಾನನ್ನೋ ರೇಡಿಯೋವನ್ನೋ ಹಾಕಿಟ್ಟರೆ ಹೊರಗಿನ ಸಿಡಿತದ ಮೊನೆ ಸ್ವಲ್ಪ ಮೊಂಡಾಗುತ್ತದೆ. ಕುಡಿಯುವ ನೀರು ಹತ್ತಿರವಿರಬೇಕು. ಅಡಗಿದ ನಾಯಿಯನ್ನು ಎಳೆದು ಹೊರಗೆ ತರಬಾರದು. ಆ ಜಾಗವನ್ನು ಅದೇ ಆರಿಸಿಕೊಂಡಿದೆ.

ಸರಪಳಿಯಲ್ಲಿ ಕಟ್ಟಿಹಾಕುವುದು, ತಾರಸಿಯ ಮೇಲೆ ಬಿಡುವುದು, ಗೂಡಿನಲ್ಲಿಟ್ಟು ಗೇಟಿನ ಬಳಿ ಬಿಡುವುದು, ಈ ಮೂರೂ ಸಲ್ಲದು. ಹೆದರಿದ ನಾಯಿ ಸರಪಳಿಯಲ್ಲಿಯೇ ಉರುಲು ಬಿಗಿದುಕೊಳ್ಳಬಹುದು, ತಾರಸಿಯಿಂದ ಜಿಗಿಯಬಹುದು. ಹಬ್ಬಕ್ಕೆಂದು ಊರಿಗೆ ಹೊರಡುವ ಕುಟುಂಬಗಳು ನಾಯಿಯನ್ನು ಒಂಟಿಯಾಗಿ ಬಿಟ್ಟು ಪಕ್ಕದ ಮನೆಯವರಿಗೆ ಅನ್ನ ಹಾಕಲು ಹೇಳಿಹೋಗುವುದೂ ಸರಿಯಲ್ಲ. ಆ ಮೂರು ರಾತ್ರಿಗಳಲ್ಲಿ ಅದಕ್ಕೆ ಅನ್ನಕ್ಕಿಂತ ಜೊತೆ ಮುಖ್ಯ.

ಹೆದರಿದ ನಾಯಿಯನ್ನು ಮುದ್ದಿಸಿದರೆ ಭಯ ಹೆಚ್ಚುತ್ತದೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಅದು ನಿಜವಲ್ಲ. ಕಲಿತ ಚೇಷ್ಟೆಗೆ ಬಹುಮಾನ ಕೊಟ್ಟರೆ ಚೇಷ್ಟೆ ಹೆಚ್ಚೀತು, ಭಯ ಚೇಷ್ಟೆಯಲ್ಲ. ಹತ್ತಿರ ಬಂದ ನಾಯಿಯ ಬೆನ್ನ ಮೇಲೆ ಕೈಯಿಟ್ಟು ಮೆಲುದನಿಯಲ್ಲಿ ಮಾತನಾಡಿದರೆ ಅದಕ್ಕೆ ಧೈರ್ಯ ಬರುತ್ತದೆ. ಗದರಿಸುವುದು, ಹೊಡೆಯುವುದು, ‘ಅಭ್ಯಾಸವಾಗಲಿ’ ಎಂದು ಪಟಾಕಿಯ ಬಳಿಗೆ ಎಳೆದೊಯ್ಯುವುದು, ಇವೇ ಭಯವನ್ನು ಬೇರೂರಿಸುವ ಕೆಲಸಗಳು.

ಹಬ್ಬದ ಅಡುಗೆಯ ವಿಷಯದಲ್ಲಿಯೂ ಒಂದು ಮಾತು. ಚಾಕೊಲೇಟು ನಾಯಿಗೆ ವಿಷವೆಂಬುದು ಹಲವರಿಗೆ ತಿಳಿದಿದೆ. ಪಾಯಸದ, ಕೇಸರಿಬಾತಿನ ಒಣದ್ರಾಕ್ಷಿಯೂ ಅದರ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದೆಂಬುದು ಅಷ್ಟು ಪ್ರಚಾರಕ್ಕೆ ಬಂದಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ಹುಣಸೆಯಲ್ಲಿರುವುದೂ ಅದೇ ಆಮ್ಲವಾದುದರಿಂದ ಎಲೆಯಲ್ಲಿ ಉಳಿದ ಗೊಜ್ಜನ್ನು ಅನ್ನಕ್ಕೆ ಕಲಸಿ ನಾಯಿಗೆ ಹಾಕದಿರುವುದು ಜಾಣತನ. ಈರುಳ್ಳಿ ಹೆಚ್ಚಾಗಿರುವ ಪದಾರ್ಥವೂ ಬೇಡ.

ಬೀದಿಯ ಜವಾಬ್ದಾರಿ

ಮನೆಯಿಲ್ಲದ ನಾಯಿಗೆ ಬೀದಿಯೇ ಮನೆ. ಅದಕ್ಕೆ ಬೇಕಾದುದು ಬಹಳವಿಲ್ಲ. ಮೂರು ರಾತ್ರಿ ಒಂದೊಂದು ಮನೆಯ ಗೇಟಿನೊಳಗಿನ ಜಾಗವೋ, ವಾಹನ ನಿಲ್ಲಿಸುವ ನೆಲಮಹಡಿಯೋ, ಮೆಟ್ಟಿಲ ಸಂದಿಯೋ ತೆರೆದಿದ್ದು, ಒಂದು ಗೋಣಿಚೀಲ ಮತ್ತು ಒಂದು ಬೋಗುಣಿ ನೀರಿದ್ದರೆ ಸಾಕು. ದಿನವೂ ಅನ್ನ ಹಾಕುವವರು ಹಬ್ಬದಲ್ಲಿ ಕತ್ತಲಿಗೆ ಮೊದಲೇ ಹಾಕಬೇಕು. ಹಸಿದ ನಾಯಿ ಸದ್ದಿನ ನಡುವೆಯೂ ಅಲೆಯುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿಯ ಪ್ರಾಣಿಗಳಿಗೆ ಆಹಾರ ನೀಡುವ ವ್ಯವಸ್ಥೆಯ ಹೊಣೆಯನ್ನು ಬಡಾವಣೆಯ ನಿವಾಸಿಗಳ ಸಂಘಗಳಿಗೂ ಹೊರಿಸಿವೆ. ಹಬ್ಬದ ದಿನಗಳಿಗೆ ಆ ಹೊಣೆಯನ್ನು ವಿಸ್ತರಿಸಿಕೊಳ್ಳಲು ಯಾವ ಸುತ್ತೋಲೆಯೂ ಬೇಕಾಗಿಲ್ಲ.

ಬೆಳಗಾದ ಮೇಲೆ ವಾಹನ ಚಾಲೂ ಮಾಡುವ ಮುನ್ನ ಅದರ ಕೆಳಗೊಮ್ಮೆ ಬಗ್ಗಿ ನೋಡಬೇಕು. ಸುಟ್ಟ ಸುರುಸುರುಬತ್ತಿಯ ಕಂಬಿಗಳನ್ನು ನೀರಿನ ಬಕೆಟ್ಟಿಗೆ ಹಾಕಬೇಕು. ಕಾದ ಕಂಬಿ ತುಳಿದ ಪಾದ ವಾರಗಟ್ಟಲೆ ಮಾಯುವುದಿಲ್ಲ. ಸಿಡಿಯದೆ ಉಳಿದ ಪಟಾಕಿಗಳನ್ನು ಗುಡಿಸಿ ತೆಗೆಯಬೇಕು. ಅವುಗಳಲ್ಲಿರುವ ಬೇರಿಯಂ, ಪೊಟ್ಯಾಸಿಯಂ ಲವಣಗಳು, ಗಂಧಕ ನಾಯಿಯ ಹೊಟ್ಟೆ ಸೇರಿದರೆ ವಿಷ. ಸುಟ್ಟ ಗಾಯಕ್ಕೆ ತಣ್ಣನೆಯ ಶುದ್ಧ ನೀರನ್ನು ಹರಿಸಿ ವೈದ್ಯರ ಬಳಿಗೆ ಒಯ್ಯಬೇಕಲ್ಲದೆ ತುಪ್ಪ, ಟೂತ್‌ಪೇಸ್ಟ್ ಮೆತ್ತಬಾರದು. ಹೆದರಿದ ನಾಯಿ ಯಾರನ್ನಾದರೂ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆ ಪಡೆಯಬೇಕು. ಕಳೆದುಹೋದ ನಾಯಿಯನ್ನು ಸದ್ದಡಗಿದ ನಸುಕಿನಲ್ಲಿ ಹುಡುಕಬೇಕು. ಕಂಡಾಗ ಅಟ್ಟಿಸಿಕೊಂಡು ಹೋಗದೆ ಕುಳಿತು ಹೆಸರು ಹಿಡಿದು ಕರೆಯಬೇಕು.

ಬಾಲಕ್ಕೆ ಪಟಾಕಿ ಕಟ್ಟುವ, ಮಲಗಿದ ನಾಯಿಯ ಮೇಲೆ ಎಸೆಯುವ ವಿಕೃತಿಯೂ ಉಂಟು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ಇಂದಿಗೂ ಹೆಚ್ಚೆಂದರೆ 50 ರೂಪಾಯಿ ದಂಡವೆಂಬುದು ನಾಚಿಕೆಯ ಸಂಗತಿ. ಆದರೆ ಪ್ರಾಣಿಯನ್ನು ಕೊಂದರೆ, ಅಂಗಹೀನ ಮಾಡಿದರೆ 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆವಾಸವಿದೆ. ಇದನ್ನು ಬೀದಿಯ ಹುಡುಗರಿಗೆ ಹಬ್ಬಕ್ಕೆ ಮೊದಲೇ ತಿಳಿಸುವುದು ಹಿರಿಯರ ಕೆಲಸ.

ಇಷ್ಟೆಲ್ಲ ಮಾಡಿದರೂ ಬೀದಿಯ ಒಬ್ಬನೇ ಒಬ್ಬ ನಡುರಾತ್ರಿ ಸರಪಟಾಕಿ ಹಚ್ಚಿದರೆ ಎಲ್ಲರ ಸಿದ್ಧತೆಯೂ ನೀರಪಾಲು. ಇಲ್ಲಿಯೇ ಬೆಟ್ಟದವರಿಗೆ ಪರಿಚಿತವಾದ ಸತ್ಯವೊಂದಿದೆ. ಸೊಪ್ಪಿನ ಬೆಟ್ಟ, ಗೋಮಾಳ, ಕೆರೆಯಂತೆ ಮೌನವೂ ಊರಿನ ಒಟ್ಟು ಸೊತ್ತು. ಒಬ್ಬ ಅದನ್ನು ಸೂರೆ ಮಾಡಿದರೆ ಉಳಿದವರಿಗೆ ಏನೂ ಉಳಿಯುವುದಿಲ್ಲ. ಕಾವಲಿನಿಂದ ಮಾತ್ರವೇ ಬೆಟ್ಟ ಉಳಿಯಲಿಲ್ಲ. ಕೂಡಿ ಆಡಿದ ಮಾತಿನಿಂದ ಉಳಿಯಿತು. ಬೀದಿಯವರೆಲ್ಲ ಹಬ್ಬಕ್ಕೆ ಒಂದು ವಾರ ಮುಂಚೆ ಅರ್ಧ ಗಂಟೆ ಸೇರಿ, ಪಟಾಕಿ ಬೇಕೆನ್ನುವವರಿಗೆ ಒಂದು ಮೈದಾನ, ಒಂದು ಹೊತ್ತು ಗೊತ್ತುಮಾಡಿ, ಉಳಿದ ಹೊತ್ತು ಬೀದಿಯನ್ನು ಸದ್ದಿಲ್ಲದೆ ಇಡುವುದಾಗಿ ಒಪ್ಪಿಕೊಂಡರೆ ಕಾನೂನು ಮಾಡಲಾಗದ ಕೆಲಸವನ್ನು ಆ ಒಪ್ಪಂದ ಮಾಡುತ್ತದೆ. ಅದರ ಫಲ ನಾಯಿಗೆ ಮಾತ್ರವಲ್ಲ. ಹಸುಗೂಸಿಗೆ, ಹೃದ್ರೋಗಿಗೆ, ಮರದ ಮೇಲಿನ ಹಕ್ಕಿಗೆ, ಪ್ರತಿ ದೀಪಾವಳಿಯಲ್ಲಿ ಮಿಂಟೋ ಆಸ್ಪತ್ರೆಗೆ, ರಾಜಾಜಿನಗರದ ನಾರಾಯಣ ನೇತ್ರಾಲಯಕ್ಕೆ ಕಣ್ಣು ಹಿಡಿದುಕೊಂಡು ಬರುವ ಮಕ್ಕಳಿಗೂ ಸಲ್ಲುತ್ತದೆ.

ಇದು ಆಗದ ಮಾತಲ್ಲ. ತಮಿಳುನಾಡಿನ ಶಿವಗಂಗೆ ಜಿಲ್ಲೆಯ ವೆಟ್ಟಂಗುಡಿ ಪಕ್ಷಿಧಾಮದ ಪಕ್ಕದ ಕೊಲ್ಲುಕುಡಿಪಟ್ಟಿಯ ಜನ ವಲಸೆ ಹಕ್ಕಿಗಳು ಬೆದರಬಾರದೆಂದು ದಶಕಗಳಿಂದ ದೀಪಾವಳಿಗೆ ಪಟಾಕಿ ಸಿಡಿಸುವುದಿಲ್ಲ. ಯಾವ ನ್ಯಾಯಾಲಯವೂ ಅವರಿಗೆ ಆಜ್ಞೆ ಮಾಡಿರಲಿಲ್ಲ.

ಬೆಟ್ಟದ ಊರುಗಳಿಗೆ

ಮಲೆನಾಡಿನಲ್ಲಿ ಪಟಾಕಿ ಹಬ್ಬಕ್ಕೆ ಮಾತ್ರ ಸೀಮಿತವಲ್ಲ. ಗದ್ದೆ ಕಾಯಲು ಹಂದಿ, ಮಂಗ, ಆನೆಗಳನ್ನು ಬೆದರಿಸಲು ವರ್ಷವಿಡೀ ಸಿಡಿಯುತ್ತದೆ. ಬೆಳೆ ಕಳೆದುಕೊಳ್ಳುವ ರೈತನ ಸಂಕಟ ಸುಳ್ಳಲ್ಲ. ಆದರೆ ಕಾವಲಿಗೆಂದು ಜೊತೆಗೆ ಬಂದ ನಾಯಿಯ ಪಕ್ಕದಲ್ಲಿಯೇ ಸಿಡಿಸಿದರೆ ಅದು ಕಾಡಿನೊಳಗೆ ಓಡುತ್ತದೆ, ಅಲ್ಲಿ ಚಿರತೆಯ ಬಾಯಿಗೆ ಬೀಳುತ್ತದೆ. ಪಟಾಕಿ ಹಚ್ಚುವ ರಾತ್ರಿ ನಾಯಿಯನ್ನು ಮನೆಯಲ್ಲಿ ಬಿಟ್ಟು ಬರುವುದು ಇಬ್ಬರಿಗೂ ಕ್ಷೇಮ.

ಇನ್ನು ಹಂದಿಗೆಂದು ತಿನಿಸಿನಲ್ಲಿ ಅಡಗಿಸಿಡುವ ಸಿಡಿಮದ್ದು ಅಪರಾಧವೂ ಹೌದು, ಅವಿವೇಕವೂ ಹೌದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಅಂತಹ ಮದ್ದಿನಿಂದ ಬಾಯಿ ಛಿದ್ರವಾದ ಗಬ್ಬದ ಆನೆ ಹೊಳೆಯಲ್ಲಿ ನಿಂತೇ ಪ್ರಾಣ ಬಿಟ್ಟುದನ್ನು ದೇಶವೇ ಕಂಡಿತು. ಅದೇ ಮದ್ದನ್ನು ವಾಸನೆ ಹಿಡಿದು ಮೊದಲು ಕಚ್ಚುವುದು ಎಷ್ಟೋ ಸಲ ಊರ ನಾಯಿ, ಇಲ್ಲವೇ ಮೇಯಲು ಹೋದ ದನ. ಗಾಯಗೊಂಡ ದನ, ನಾಯಿಗಳ ನೆರವಿಗೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಇದೆ. ಆ ಸಂಖ್ಯೆಯನ್ನು ಪ್ರತಿ ಹಾಲಿನ ಡೇರಿಯ ಗೋಡೆಯ ಮೇಲೆ ಬರೆದಿಡುವ ಕೆಲಸವನ್ನು ವಿದ್ಯಾರ್ಥಿಗಳು ಮಾಡಬಹುದು.

ನೇಪಾಳದಲ್ಲಿ ಇದೇ ದೀಪಾವಳಿಯನ್ನು ತಿಹಾರ್ ಎನ್ನುತ್ತಾರೆ. ಕನ್ನಡಿಗರು ನರಕ ಚತುರ್ದಶಿಯನ್ನು ಆಚರಿಸುವ ಚತುರ್ದಶಿ ಅಲ್ಲಿ ನಾಯಿಗಳ ಹಬ್ಬ. ಸಾಕುನಾಯಿ, ಬೀದಿನಾಯಿ ಎಂಬ ಭೇದವಿಲ್ಲದೆ ಹಣೆಗೆ ತಿಲಕವಿಟ್ಟು, ಕೊರಳಿಗೆ ಹೂಮಾಲೆ ಹಾಕಿ ಉಣಿಸುತ್ತಾರೆ. ಕನ್ನಡನಾಡಿಗೂ ಆ ಗೌರವ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ವೀರಗಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪಿನದು. ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿದ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟ ನಾಡು ಇದು.

ಬಲಿಪಾಡ್ಯಮಿಯ ಹೊತ್ತಿಗೆ ಅಂಟಿಗೆ ಪಂಟಿಗೆಯ ತಂಡಗಳು ದೀಪ ಹಿಡಿದು, ಹಾಡುತ್ತಾ ಮನೆಯಿಂದ ಮನೆಗೆ ನಡೆಯುವ ಪದ್ಧತಿ ಮಲೆನಾಡಿನ ಕೆಲವು ಊರುಗಳಲ್ಲಿ ಇನ್ನೂ ಉಳಿದಿದೆ. ಆ ತಂಡ ಅಂಗಳಕ್ಕೆ ಬಂದಾಗ ನಾಯಿ ಬೊಗಳುತ್ತದೆ, ಮನೆಯವರು ಗದರುತ್ತಾರೆ, ಅದು ಸುಮ್ಮನಾಗಿ ಬಾಗಿಲ ಬಳಿ ಮಲಗುತ್ತದೆ, ಹಬ್ಬ ನಡೆಯುತ್ತದೆ. ಬೆಳಕಿಗೆ ಸದ್ದಿನ ಹಂಗಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ರಾಜಾಜಿನಗರದ, ವಿಜಯನಗರದ, ಕೆಂಗೇರಿಯ ಕೋಣೆಗಳಲ್ಲಿರುವ ಬೆಟ್ಟದ ಮಕ್ಕಳು ಈ ಸಲ ತಮ್ಮ ಬೀದಿಯ ಹಿರಿಯರೊಡನೆ ಒಂದು ಮಾತು ಆಡಲಿ. ಊರಿಗೆ ಬರುವವರು ಹಣತೆಗೆ ಎಣ್ಣೆ ಕೊಂಡು ಬರಲಿ.